ಹತ್ತಿರ ಬಂದ ಕರೇಹೊಲಕೊಪ್ಪ

ಕರೇಹೊಲಕೊಪ್ಪ ಎಂಬ ಗ್ರಾಮವು ಹೋದ ವರ್ಷ ನವಲಗುಂದಕ್ಕೆ ಎರಡೂವರೆ ಕಿಲೋಮೀಟರು ಹತ್ತಿರ ಬಂದಿತು. ಭೂಕಂಪ ಆಗಲಿಲ್ಲ, ಹೊಸ ರಸ್ತೆ ಬೀಳಲಿಲ್ಲ, ಊರಿನ ಒಂದು ಗೋಡೆಯೂ ಜರುಗಲಿಲ್ಲ. ಒಂದು ಡೀಸೆಲ್ ಪಿಕಪ್ ಗಾಡಿಯ ಹಿಂದಿನ ಆಕ್ಸಲ್‌ನೊಳಗೆ ಎರಡು ಗಿಯರು ಬದಲಾದವು, ಅಷ್ಟೇ. ಈ ಸಂಗತಿಯನ್ನು ಸುತ್ತೋಲೆಯಲ್ಲಿ ಬರೆದವಳು ಅದೇ ಊರಿನ ಸೊಸೆ ನಾಗರತ್ನಾ. ಭಾಷೆ ಅಗದಿ ಶುದ್ಧವಾಗಿತ್ತು, ಅದರಲ್ಲಿ ಯಾರೂ ತಪ್ಪು ಹುಡುಕುವಂತಿರಲಿಲ್ಲ.

ನಾಗರತ್ನಾ ನವಲಗುಂದದ ಸಂಚಾರಿ ಪಶುಸೇವಾ ಸಹಕಾರ ಸಂಘದಲ್ಲಿ ಹಂಗಾಮಿ ಗುಮಾಸ್ತೆ. ಈ ವರ್ಷ ಖಂಡಿತ ಕಾಯಂ ಮಾಡುತ್ತೇವೆ ಎಂದು ವ್ಯವಸ್ಥಾಪಕ ಲಕ್ಷ್ಮಪ್ಪನವರು ಪ್ರತಿ ವರ್ಷ ತಪ್ಪದೆ ಹೇಳುತ್ತಿದ್ದರು, ಅವಳು ಪ್ರತಿ ವರ್ಷ ತಪ್ಪದೆ ನಂಬುತ್ತಿದ್ದಳು. ಸಂಘಕ್ಕೊಂದು ಹಳೆಯ ಪಿಕಪ್, ಅದಕ್ಕೊಬ್ಬ ಚಾಲಕ ಗೌಸ್. ಹತ್ತು ಕಿಲೋಮೀಟರಿಗಿಂತ ದೂರದ ಹಳ್ಳಿಗಳಿಗೆ ದನದ ಡಾಕ್ಟರನ್ನು ಗಾಡಿಯಲ್ಲಿ ಕಳಿಸಬೇಕು, ಹತ್ತರೊಳಗಿನವರು ತಮ್ಮ ದನ ತಾವೇ ಹೊಡೆದುಕೊಂಡು ಬರಬೇಕು. ಇದು ಸಂಘದ ನಿಯಮ. ಕರೇಹೊಲಕೊಪ್ಪ ಹನ್ನೆರಡು ಕಿಲೋಮೀಟರು ದೂರವಿದ್ದದ್ದರಿಂದ ಅಲ್ಲಿಯ ದನಗಳ ನಸೀಬು ಚಲೋ ಇತ್ತು.

ಹೀಗಿರಲು ಮೇಲಿನಿಂದ 'ಇಂಧನ ಮಿತವ್ಯಯ ಮಾಸಾಚರಣೆ' ಬಂದಿತು. ಲಕ್ಷ್ಮಪ್ಪನವರು ಸಿಬ್ಬಂದಿಯನ್ನೆಲ್ಲ ಗಾಡಿಯ ಮುಂದೆ ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಒಂದು ಹನಿ ಡೀಸೆಲ್ಲೂ ವ್ಯರ್ಥ ಮಾಡುವುದಿಲ್ಲ ಎಂದು ಪ್ರಮಾಣ ಬೋಧಿಸಿದರು. ಫೋಟೋ ಸರಿಯಾಗಿ ಬರುವ ತನಕ ಗಾಡಿಯ ಎಂಜಿನ್ ಚಾಲೂ ಇತ್ತು, ಏಕೆಂದರೆ ಹೆಡ್‌ಲೈಟ್ ಬೆಳಕು ಬೇಕಾಗಿತ್ತು. ಆಮೇಲೆ ಗ್ಯಾರೇಜಿನ ಮಾಬುಸಾಬನನ್ನು ಕರೆಸಿದರು.

ಮಾಬುಸಾಬ ಗಾಡಿಯ ಕೆಳಗೆ ಬಗ್ಗಿ ನೋಡಿ ಎದ್ದ. "ಸಾಹೇಬ್ರ, ಇದು ಗುಡ್ಡಾ ಹತ್ತೂ ಗಿಯರ್ ಹಾಕ್ಕೊಂಡು ನಮ್ಮ ಎರಿಹೊಲದ ಸಪಾಟ್ ರಸ್ತೆದಾಗ ಓಡಾಕ ಹತ್ತೈತಿ. ಹಿಂದಿನ ಆಕ್ಸಲ್‌ದಾಗಿನ ಕ್ರೌನ್ ಪಿನಿಯನ್ ಅನ್ನೂ ಎರಡ ಗಿಯರ್ ಬದಲಿ ಮಾಡಿದ್ರ ಗಾಲಿ ಅಷ್ಟ ತಿರಗತಾವ, ಎಂಜಿನ್ ಕಡಿಮಿ ತಿರಗತೈತಿ. ಡೀಸೆಲ್ ಉಳೀತೈತಿ."

"ಮಾಡು."

"ಆದ್ರ ಮೀಟರಿಂದೂ ಒಂದ ಸಣ್ಣ ಹಲ್ಲಿನ ಗಾಲಿ ಬದಲಿ ಮಾಡಬೇಕ್ರಿ. ಅದು ಗಿಯರ್‌ಬಾಕ್ಸ್ ತಿರುಗೂದನ್ನ ಎಣಸತೈತಿ, ರಸ್ತೆ ಎಣಸೂದಿಲ್ಲ. ಹಂಗ ಬಿಟ್ರ ದೂರ ಕಡಿಮಿ ತೋರಸತೈತಿ."

"ಮೀಟರ್ ಡೀಸೆಲ್ ಕುಡಿತೈತೇನು?"

"ಇಲ್ರಿ."

"ಹಂಗಾದ್ರ ಅದು ಮಿತವ್ಯಯದಾಗ ಬರೂದಿಲ್ಲ. ಬಿಡು."

ಮಾಬುಸಾಬ ಬಿಟ್ಟ. ಅವನಿಗೇನು, ಗುಜರಿ ಗಾಡಿಯಿಂದ ಬಿಚ್ಚಿದ ಗಿಯರಿಗೆ ಹೊಸದರ ಬಿಲ್ಲು ಬರೆಯಬೇಕಿತ್ತು. ಲಕ್ಷ್ಮಪ್ಪನವರಿಗೂ ಆ ಬಿಲ್ಲಿನಲ್ಲಿ ಆಸಕ್ತಿ ಇತ್ತು. ಇಬ್ಬರೂ ಅದನ್ನು ಪ್ರೀತಿಯಿಂದಲೇ ಹಂಚಿಕೊಂಡರು.

ತಿಂಗಳ ಕೊನೆಗೆ ಕಚೇರಿಯಲ್ಲಿ ಗದ್ದಲ. ಡೀಸೆಲ್ ಕಡಿಮೆ ಖರ್ಚಾಗಿತ್ತು ನಿಜ, ಆದರೆ ಮೀಟರು ತೋರಿಸಿದ ದೂರ ಅದಕ್ಕಿಂತ ಹೆಚ್ಚು ಕಡಿಮೆಯಾಗಿ, ಲೀಟರಿಗೆ ಇಷ್ಟು ಎಂಬ ಲೆಕ್ಕ ಮೊದಲಿಗಿಂತ ಕೆಳಗೆ ಬಿದ್ದಿತ್ತು. ಗಿಯರು ಪಾಪ ತನ್ನ ಕೆಲಸ ಪ್ರಾಮಾಣಿಕವಾಗಿ ಮಾಡಿತ್ತು. ಈ ಇಡೀ ವ್ಯವಹಾರದಲ್ಲಿ ಪ್ರಾಮಾಣಿಕವಾದದ್ದು ಅದೊಂದೇ, ಅದನ್ನೇ ಯಾರೂ ಕೇಳಲಿಲ್ಲ. ಕೇಳಿದ್ದು ಗೌಸನನ್ನು.

"ಡೀಸೆಲ್ ಎಲ್ಲಿ ಮಾರಿಕೊಂಡೀಲೇ?"

"ನನ್ನ ಮಕ್ಕಳಾಣಿ ಸಾಹೇಬ್ರ, ಅದ ಗಾಡಿ, ಅದ ರಸ್ತೆ. ಬೇಕಂದ್ರ ನೀವ ಬಾಜೂಕ ಕುಂತ ನೋಡ್ರಿ."

ಕೂತು ನೋಡಿದರು. ಸಾಕ್ಷಿಗೆ ನಾಗರತ್ನಾಳನ್ನೂ ಕರೆದೊಯ್ದರು. ಲಕ್ಷ್ಮಪ್ಪನವರು ದಾರಿಯುದ್ದಕ್ಕೂ ಮೀಟರಿನ ಮೇಲಿಂದ ಕಣ್ಣು ತೆಗೆಯಲಿಲ್ಲ, ರಸ್ತೆಯ ಕಡೆ ನೋಡಲೂ ಇಲ್ಲ. ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ಗಾಡಿ ನಿಂತಾಗ ಮೀಟರು ಒಂಬತ್ತೂವರೆ ತೋರಿಸುತ್ತಿತ್ತು. ಅವರು ಇಳಿದು ಸುತ್ತ ನೋಡಿದರು.

"ಇದು ಕರೇಹೊಲಕೊಪ್ಪ ಹೌದಲ್ಲ?"

"ಹೌದ್ರಿ. ಅದ ನಮ್ಮ ಮನಿ," ಎಂದಳು ನಾಗರತ್ನಾ.

"ಹಂಗಾದ್ರ ಗೌಸ್ ಕಳ್ಳ ಅಲ್ಲ. ಊರ ಹತ್ರ ಬಂದೈತಿ."

"ನನಗೂ ಹಂಗ ಅನಸಿತ್ರಿ," ಎಂದ ಗೌಸ್ ತಡಮಾಡದೆ. ತಾನು ಕಳ್ಳನಾಗಬೇಕು ಇಲ್ಲವೇ ಊರು ಸರಿಯಬೇಕು ಎಂದಾಗ ಯಾವ ಮನುಷ್ಯನೂ ಊರನ್ನೇ ಸರಿಸುತ್ತಾನೆ.

ಬಸ್ಸು ತಪ್ಪಿದಾಗೆಲ್ಲ ಆ ದಾರಿ ನಡೆದು ನಡೆದು ನಾಗರತ್ನಾಳ ಹಿಮ್ಮಡಿ ಒಡೆದಿದ್ದವು. ಹನ್ನೆರಡು ಅಂದರೆ ಎಷ್ಟು ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಯಿ ತೆರೆದಳು. "ನಿಮ್ಮ ಕಾಯಂ ಕಾಗದ ಈ ವಾರದಾಗ ಕಳಸಬೇಕಂತ ಮಾಡೀನ್ರಿ," ಎಂದರು ಲಕ್ಷ್ಮಪ್ಪನವರು ಮೀಟರು ನೋಡುತ್ತಲೇ. ಬಾಯಿ ಮುಚ್ಚಿದಳು. ಮರುದಿನ ಸುತ್ತೋಲೆ ಹೊರಟಿತು:

"ಸಂಘದ ವಾಹನದ ಮಾಪಕದಿಂದ ದೃಢಪಟ್ಟಂತೆ, ಕರೇಹೊಲಕೊಪ್ಪ ಗ್ರಾಮವು ಒಂಬತ್ತೂವರೆ ಕಿಲೋಮೀಟರು ಅಂತರಕ್ಕೆ ಸಮೀಪಿಸಿರುತ್ತದೆ. ಗ್ರಾಮಸ್ಥರು ಸದರಿ ಸೌಲಭ್ಯದ ಸದುಪಯೋಗ ಪಡೆದು, ಇನ್ನು ಮುಂದೆ ಜಾನುವಾರುಗಳನ್ನು ಖುದ್ದಾಗಿ ಕೇಂದ್ರಕ್ಕೆ ಹಾಜರುಪಡಿಸತಕ್ಕದ್ದು. ಸಮೀಪಿಸಲು ನಿರಾಕರಿಸುವ ಇತರ ಗ್ರಾಮಗಳ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು."

ಯಾವ ಗ್ರಾಮವೂ ನಿರಾಕರಿಸಲಿಲ್ಲ. ಹತ್ತರ ಗೆರೆ ದಾಟಿಯೇ ಉಳಿದ ಒಂದೆರಡು ಹಟಮಾರಿ ಊರುಗಳನ್ನು ಅವುಗಳ ಸೀಮೆಯ ಮೊದಲ ಹೊಲದ ಬದುವಿಗೆ ಅಳೆದು ಒಳಗೆ ತಂದರು. ಹೀಗೆ ಪಿಕಪ್ಪಿಗೆ ಹೋಗಬೇಕಾದ ಊರೇ ಉಳಿಯಲಿಲ್ಲ. ಡೀಸೆಲ್ ಖರ್ಚು ಸೊನ್ನೆಗೆ ಇಳಿಯಿತು. ಸಂಘಕ್ಕೆ ಇಂಧನ ಮಿತವ್ಯಯದ ಫಲಕ ಬಂದಿತು, ಗಾಡಿಗೆ ಮಾಲೆ ಹಾಕಿ ಕಚೇರಿಯ ಮುಂದೆ ನಿಲ್ಲಿಸಿದರು. ಮಾಬುಸಾಬನ ಗ್ಯಾರೇಜಿನ ಮೇಲೆ ಹೊಸ ಫಲಕ ಎದ್ದಿತು: "ಇಲ್ಲಿ ಊರುಗಳನ್ನು ಹತ್ತಿರ ಮಾಡಿಕೊಡಲಾಗುವುದು." ಗಿರಾಕಿಗಳೂ ಬಂದರು, ದೇಶಕ್ಕೆ ಬೇಕಾದದ್ದೇ ಅದಲ್ಲವೇ!

ನಾಗರತ್ನಾಳ ಅತ್ತೆ ಮೈಲಾರವ್ವನ ಎಮ್ಮೆ ಗಬ್ಬವಿತ್ತು. ಆ ಮನೆಯ ಚಹಾ, ಸಂತೆ, ಮೊಮ್ಮಕ್ಕಳ ಸಾಲಿ ಎಲ್ಲ ಅದರ ಕೆಚ್ಚಲಿನಿಂದಲೇ ನಡೆಯುತ್ತಿತ್ತು. ಒಂದು ಮುಂಜಾನೆ ಕಚೇರಿಗೆ ಅವಳ ಫೋನು ಬಂತು.

"ನಾಗೂ, ಎಮ್ಮಿ ಈಯಾಕ ಒದ್ದಾಡಾಕ ಹತ್ತೈತಿ ಬೇ! ಕರುವಿನ ಒಂದ ಕಾಲ ಹೊರಗ ಬಂದು ಸಿಕ್ಕೊಂಡೈತಿ. ಮಲಗಿದ್ದು ಏಳವಲ್ದು. ಡಾಕ್ಟರ್‌ನ ಲಗೂನ ಕಳಸ!"

ಸಂಘದ ದನದ ಡಾಕ್ಟರ್ ರುಬಿಯಾ ಕೇಳಿದ ತಕ್ಷಣ ಚೀಲ ಹೆಗಲಿಗೆ ಹಾಕಿಕೊಂಡಳು. ಗೌಸ್ ಕೀಲಿಕೈ ತೆಗೆದುಕೊಂಡ. ಲಕ್ಷ್ಮಪ್ಪನವರು ಬಾಗಿಲಿಗೆ ಅಡ್ಡ ನಿಂತರು.

"ಒಂಬತ್ತೂವರಿ ಕಿಲೋಮೀಟರಿಗೆ ಗಾಡಿ ಹೋಗೂಹಂಗಿಲ್ಲ."

"ಗಾಡಿ ಬ್ಯಾಡ, ಗೌಸ್ ಭಾಯಿ ಮೋಟರ್‌ಸೈಕಲ್ ಮ್ಯಾಲೆ ಹೋಗತೇನ್ರಿ," ಎಂದಳು ರುಬಿಯಾ.

"ಎಮ್ಮಿ ಇಲ್ಲಿಗೆ ಬರಬೇಕಂತ ನಿಯಮ ಐತಿ. ನೀವು ಅಲ್ಲಿಗೆ ಹೋದ್ರ, ಇಲ್ಲಿಗೆ ಬಂದ ಎಮ್ಮಿನ ಯಾರ ನೋಡಬೇಕ್ರಿ?"

ನಾಗರತ್ನಾ ಮೇಜು ಬಿಟ್ಟು ಎದ್ದಳು. "ಸಾಹೇಬ್ರ, ಅದು ಹನ್ನೆರಡು ಕಿಲೋಮೀಟರ್ ಐತ್ರಿ! ಮದ್ಲಿಂದೂ ಹನ್ನೆರಡ ಐತಿ!" ಎಂದು ಕೂಗಿಯೇಬಿಟ್ಟಳು.

ಲಕ್ಷ್ಮಪ್ಪನವರು ಸಿಟ್ಟಾಗಲಿಲ್ಲ. ಗೋಡೆಗೆ ಅಂಟಿಸಿದ ಸುತ್ತೋಲೆ ತೋರಿಸಿದರು. "ಇದನ್ನ ಬರದವ್ರು ಯಾರು?"

"ನಾನರಿ."

"ಭಾಳ ಛಂದ ಬರದೀರಿ. ಹನ್ನೆರಡಾದ್ರ ಇದು ಸುಳ್ಳಾಗತೈತಿ. ಸುಳ್ಳ ಸುತ್ತೋಲೆ ಬರದವ್ರನ್ನ ಕಾಯಂ ಮಾಡಾಕ ಬರತೈತೇನ್ರಿ? ನೀವ ಹೇಳ್ರಿ. ಎಷ್ಟು?"

ನಾಗರತ್ನಾ ಗೌಸನ ಕಡೆ ನೋಡಿದಳು. ಅವನು ಕೀಲಿಕೈಯನ್ನು ಮೊಳೆಗೆ ತೂಗುಹಾಕಿ ನೆಲ ನೋಡುತ್ತಿದ್ದ.

"ಒಂಬತ್ತೂವರಿ," ಎಂದಳು.

ಊರಲ್ಲಿ ಎಂಟು ಮಂದಿ ಸೇರಿ ಎಮ್ಮೆಯನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಎತ್ತಿದರು. ಮೈಲಾರವ್ವ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಎರಿಮಣ್ಣಿನ ತಗ್ಗುದಿನ್ನೆಯ ಆ ದಾರಿ ಮುಗಿಯಲೇ ಇಲ್ಲ. ಕರು ಹಾದಿಯಲ್ಲೇ ಸತ್ತಿತು. ಎಮ್ಮೆ ಸಂಘದ ಗೇಟಿನೊಳಗೆ, ಮಾಲೆ ಹಾಕಿದ ಪಿಕಪ್ಪಿನ ನೆರಳಿನಲ್ಲಿ, ರುಬಿಯಾ ಓಡಿ ಬಂದು ಮುಟ್ಟುವಷ್ಟರಲ್ಲಿ ಕಣ್ಣು ಮೇಲೆ ಮಾಡಿತು. ಮೈಲಾರವ್ವ ಎದೆ ಬಡಿದುಕೊಂಡು ಅತ್ತಳು. ಸೊಸೆಯ ಮುಖ ಮಾತ್ರ ನೋಡಲಿಲ್ಲ.

ಸಂಜೆ ನಾಗರತ್ನಾ ವರದಿ ಬರೆದಳು: "ಸದರಿ ಎಮ್ಮೆಯು ಖುದ್ದಾಗಿ ಹಾಜರಾಗಿದ್ದು, ಸೇವಾ ವ್ಯಾಪ್ತಿಯೊಳಗೇ ಮರಣ ಹೊಂದಿರುತ್ತದೆ. ವಾಹನ ಚಲಿಸಿರುವುದಿಲ್ಲ." ಲಕ್ಷ್ಮಪ್ಪನವರು ಒಂದಕ್ಷರವನ್ನೂ ತಿದ್ದಲಿಲ್ಲ. ಮುಂದಿನ ತಿಂಗಳು ಅವಳು ಕಾಯಂ ಆದಳು. ಇಂಥ ಭಾಷೆ ಬಲ್ಲವರನ್ನು ಯಾವ ಕಚೇರಿ ಬಿಟ್ಟುಕೊಡುತ್ತದೆ?

ಈಗ ಊರವರಿಗೂ ಆ ಲೆಕ್ಕ ರೂಢಿಯಾಗಿದೆ. ಮೊನ್ನೆ ಹಗ್ಗ ಹಿಡಿದು ಆಕಳು ಹೊಡೆದುಕೊಂಡು ಬಂದ ಪರವೂರಿನವನೊಬ್ಬ ಅಗಸಿಯ ಕಟ್ಟೆಯ ಮೇಲೆ ಕೂತಿದ್ದ ಮೈಲಾರವ್ವನನ್ನು ಕೇಳಿದ, "ಯವ್ವಾ, ನವಲಗುಂದದ ದನದ ದವಾಖಾನಿ ಎಷ್ಟ ದೂರ ಐತಿ?"

"ಒಂಬತ್ತೂವರಿ ಕಿಲೋಮೀಟರ್," ಎಂದಳು ಮೈಲಾರವ್ವ. ಆಕಳನ್ನು ಒಮ್ಮೆ ನೋಡಿದಳು. "ಕರಾ ಹಾಕೂದಿದ್ರ ಹಿಂದಿನ ದಿನಾನ ಹೊಂಡಬೇಕ ನೋಡಪಾ."