ಎಡಕ್ಕೂ ತಿರುಗತೊಡಗಿದ ಕತ್ತಿನ ಬಗ್ಗೆ

ಕತ್ತು, ಬೆನ್ನುಗಳ ಹಿಡಿತ ಬಿಡಿಸುವ ಕೈರೋಪ್ರಾಕ್ಟಿಕ್ ಡಾಕ್ಟರಮ್ಮನವರ ಬಿಳಿ ಟ್ರೇಯಲ್ಲಿ, ಹತ್ತಿಯ ಡಬ್ಬಿಯ ಪಕ್ಕದಲ್ಲಿ ವಾಸವಾಗಿರುವ, ಗೇಣುದ್ದದ, ತುದಿಗೆ ರಬ್ಬರಿನ ಗುಂಡಿಯುಳ್ಳ ಸ್ಪ್ರಿಂಗಿನ ಉಪಕರಣದವರ ಸನ್ನಿಧಿಗೆ.

ಮಾನ್ಯರೇ,

ತಾವು ಮೂರು ಸಲ ನನ್ನ ಕತ್ತನ್ನು ಮುಟ್ಟಿದ್ದೀರಿ, ಮೂರು ಸಲವೂ ನೋಯಿಸಲಿಲ್ಲ. ಅದಕ್ಕಾಗಿ ಮೊದಲು ನಮಸ್ಕಾರ, ಆಮೇಲೆ ಈ ದೂರು.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ನಮ್ಮ ಬೈಂಡಿಂಗ್ ಅಂಗಡಿಯಲ್ಲಿರುವುದು ಒಂದೇ ಉದ್ದನೆಯ ಮೇಜು. ಅದರ ಬಲತುದಿಗೆ, ಕಿಟಕಿಯ ಪಕ್ಕ ನಾನು, ನನ್ನ ಎಡಕ್ಕೆ ಅಣ್ಣ, ಅವನ ಆಚೆ ಅಂಟು ಕಾಯಿಸುವ ಒಲೆ. ಒಂಬತ್ತು ವರ್ಷಗಳ ಹಿಂದೆ ನಾನು ಅಧ್ಯಾಪಕರೊಬ್ಬರ ಪ್ರಬಂಧಕ್ಕೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿದಾಗ, ಅಣ್ಣ ಅವರ ಎದುರಿಗೇ "ಇವನಿಗೆ ತಲೆ ಯಾವ್ದು, ಬುಡ ಯಾವ್ದು ಅಂತ ಇನ್ನೂ ಗೊತ್ತಾಗಲ್ಲ ಸಾರ್" ಎಂದು ನಕ್ಕ. ನಾನು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದೆ. ಮೊದಲ ಎರಡು ದಿನ ಆ ಕೆಲಸವನ್ನು ನಾನೇ ಮಾಡುತ್ತಿದ್ದೆ. ಮೂರನೆಯ ದಿನದಿಂದ ಕತ್ತೇ ವಹಿಸಿಕೊಂಡಿತು. ಹೀಗಾಗಿ ಅಣ್ಣನ ಜೊತೆ ಮಾತು ಬಿಟ್ಟವನೆಂಬ ಅಪವಾದ ನನಗೆ ಬರಲಿಲ್ಲ. ಪಾಪ, ಕತ್ತು ಹಿಡಿದುಕೊಂಡಿದೆ ಎಂಬ ಕನಿಕರವೇ ಬಂತು.

ಇಷ್ಟು ಮರ್ಯಾದಸ್ಥ ಕಾಯಿಲೆಯನ್ನು ಕಾಪಾಡಿಕೊಟ್ಟವರು ತಮ್ಮ ಪೂರ್ವಾಧಿಕಾರಿಗಳು, ಅಂದರೆ ಡಾಕ್ಟರಮ್ಮನವರ ಎರಡು ಕೈಗಳು. ಅವು ಯಾರದೋ ಗಲ್ಲವನ್ನು ಹಿಡಿದು ಫಕ್ಕನೆ ತಿರುವಿದಾಗ ಬರುತ್ತಿದ್ದ ಲಟಕ್ ಎಂಬ ಸದ್ದು ಪರದೆ ದಾಟಿ ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು. ಅದನ್ನು ಒಮ್ಮೆ ಕೇಳಿಸಿಕೊಂಡ ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮನೆಗೆ ಬಂದಿದ್ದೆ. ಅಂದಿನಿಂದ ಹೆಂಡತಿ "ತೋರಿಸ್ಕೊಳ್ರೀ" ಎಂದಾಗಲೆಲ್ಲ "ಇರೋದೊಂದೇ ಕತ್ತು ಕಣೇ" ಎಂದರೆ ಸಾಕಾಗಿತ್ತು. ಕತ್ತು ಮುರಿದೀತೆಂಬ ಹೆದರಿಕೆಯನ್ನು ಸಂಸಾರದಲ್ಲಿ ಎಲ್ಲರೂ ಗೌರವಿಸುತ್ತಾರೆ.

ತಾವು ಬಂದು ಆ ಗೌರವಕ್ಕೆ ಕಲ್ಲು ಹಾಕಿದಿರಿ. "ನೆಟಿಗೆ ಮುರಿಯದೆ, ಮೆಲ್ಲಗೆ, ಉಪಕರಣದಿಂದ ಚಿಕಿತ್ಸೆ" ಎಂಬ ಹೊಸ ಬೋರ್ಡನ್ನು ಹೆಂಡತಿ ಓದಿದಳು, ಅತ್ತಿಗೆಗೂ ವರದಿ ಒಪ್ಪಿಸಿದಳು. ಅತ್ತಿಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇನ್ಯಾವ ನೆಪ ಉಳ್ಕೊಂಡಿದೆಯಪ್ಪಾ, ಅದನ್ನೂ ಹೇಳ್ಬಿಡು" ಎಂದರು. ಉಳಿದಿರಲಿಲ್ಲ. ಹೋಗಿ ಬೋರಲಾಗಿ ಮಲಗಿದೆ. ತಾವು "ಟಿಕ್" ಎಂದಿರಿ, ಪಿನ್ನು ಮುಗಿದ ಸ್ಟೇಪ್ಲರಿನಂತೆ. ದಾರದ ಹೊಲಿಗೆಯನ್ನೇ ನಂಬಿದ ಮನೆತನದವನಾದ ನನಗೆ ಸ್ಟೇಪ್ಲರಿನ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲವಾದ್ದರಿಂದ ನಿಶ್ಚಿಂತೆಯಿಂದಿದ್ದೆ. ಕೂಗೋಣವೆಂದರೆ ನೋವಿಲ್ಲ, ಓಡೋಣವೆಂದರೆ ಕಾರಣವಿಲ್ಲ. ಗುಬ್ಬಚ್ಚಿ ಕಾಳು ಕುಕ್ಕಿದಷ್ಟು ಮೆಲ್ಲಗೆ ಒಬ್ಬ ಮನುಷ್ಯನ ಒಂಬತ್ತು ವರ್ಷಗಳ ಸಾಧನೆಯನ್ನು ಬಿಚ್ಚಿಹಾಕುವ ಇಂಥ ಸೌಜನ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೂರನೆಯ ಭೇಟಿಯ ಮರುದಿನ ಬೆಳಿಗ್ಗೆ, ನಾನು ಒಂದು ನಿಘಂಟಿನ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದಾಗ, ಅಣ್ಣನ ಸ್ಟೂಲು ಕಿರ್ರೆಂದಿತು. ಈ ಸದ್ದು ಹೊಸದಲ್ಲ. ದಿನಕ್ಕೆ ಹತ್ತು ಹನ್ನೆರಡು ಸಲದಂತೆ ಒಂಬತ್ತು ವರ್ಷ ಕೇಳಿದ್ದೇನೆ, ಪ್ರತಿ ಸಲವೂ ಅಣ್ಣ ನನಗೆ ಬೆನ್ನು ತಿರುಗಿಸುತ್ತಿದ್ದಾನೆಂದು ತಿಳಿದು ಕತ್ತನ್ನು ಇನ್ನಷ್ಟು ಬಿಗಿಮಾಡಿಕೊಂಡಿದ್ದೇನೆ. ಆ ದಿನ ಕತ್ತು ನನ್ನ ಅಪ್ಪಣೆ ಕೇಳದೆ ಎಡಕ್ಕೆ ಹೊರಳಿತು.

ಅಣ್ಣ ನನ್ನ ಕಡೆಗೇ ತಿರುಗಿದ್ದ. ತಿರುಗಿದ್ದು ಬರೀ ಕತ್ತಲ್ಲ. ಅವನ ಕತ್ತೂ ಬಲಕ್ಕೆ ಹೊರಳುವುದಿಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ, ಅವನೂ ಯಾರಿಗೂ ಹೇಳಿದಂತಿಲ್ಲ. ಸ್ಟೂಲಿನ ಸಮೇತ ಇಡೀ ಮೈಯನ್ನೇ ತಿರುಗಿಸಿ, ನನ್ನ ಬಟ್ಟಲಿನಲ್ಲಿ ಅಂಟು ಎಷ್ಟು ಉಳಿದಿದೆಯೆಂದು ನೋಡುತ್ತಿದ್ದ. ಕೈಯಲ್ಲಿ ಬಿಸಿ ಅಂಟಿನ ಇನ್ನೊಂದು ಬಟ್ಟಲಿತ್ತು. ಇಷ್ಟು ವರ್ಷ ಕೇಳದೆಯೇ ನನ್ನ ಮೊಣಕೈಯ ಹತ್ತಿರ ಬಂದು ನಿಲ್ಲುತ್ತಿದ್ದ ಬಟ್ಟಲು ಅದು. ಅದು ಹೊತ್ತಿಗೆ ಸರಿಯಾಗಿ ಹೇಗೆ ಬರುತ್ತದೆಂದು, ನಲ್ಲಿಯ ನೀರಿನ ಬಗ್ಗೆ ಹೇಗೋ ಹಾಗೆ, ನಾನು ಯೋಚಿಸಿರಲಿಲ್ಲ. ನಾನು ನೋಡುತ್ತಲೇ ಇದ್ದೆನೆಂದು ಕಾಣುತ್ತದೆ. "ಏನೋ ನೋಡ್ತೀಯ? ಅಂಟು ಆರಿಹೋಗತ್ತೆ" ಎಂದ.

ಆದಕಾರಣ ತಮ್ಮಲ್ಲಿ ಅರಿಕೆ: ನನ್ನ ಹಳೆಯ ಕತ್ತನ್ನು ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಅದಾಗದಿದ್ದಲ್ಲಿ, ಒಂಬತ್ತು ವರ್ಷಗಳ ಆ ಕಿರ್ ಸದ್ದುಗಳನ್ನೆಲ್ಲ ಒಂದೊಂದಾಗಿ ವಾಪಸು ತರಿಸಿ, ಈ ಬಾರಿ ಸರಿಯಾಗಿ ಕೇಳಿಸಿಕೊಳ್ಳಲು ಅವಕಾಶ ಕೊಡಬೇಕು. ಅದೂ ತಮ್ಮ ಸ್ಪ್ರಿಂಗಿನ ಶಕ್ತಿಗೆ ಮೀರಿದ್ದಾದರೆ, ಗುರುವಾರ ಹತ್ತು ಗಂಟೆಗೆ ಅಣ್ಣನನ್ನು ಕರೆತರುತ್ತೇನೆ, ನೋಡಿಕೊಳ್ಳಿ. "ನೋಯತ್ತೇನೋ?" ಎಂದು ಅವನು ಇದುವರೆಗೆ ನಾಲ್ಕು ಸಲ ಕೇಳಿದ್ದಾನೆ, ನಾಲ್ಕು ಸಲವೂ ನಾನು ನಿಜವನ್ನೇ ಹೇಳಿದ್ದೇನೆ: "ಅಲ್ಲಿ ನೋಯಲ್ಲ."

ಎರಡೂ ಕಡೆ ನೋಡಲೇಬೇಕಾಗಿ ಬಂದಿರುವ,
ತಮ್ಮ ವಿಶ್ವಾಸಿ,
ಬೈಂಡಿಂಗ್ ಅಂಗಡಿಯ ಚಿಕ್ಕವನು

ಬರೆಯಲು ಮರೆತದ್ದು: ನಿನ್ನೆಯಿಂದ ಅಂಟಿನ ಬಟ್ಟಲು ಬರುವುದು ನಿಂತಿದೆ. "ಕತ್ತು ಸರಿಹೋಯ್ತಲ್ಲ, ನೀನೇ ಎದ್ದು ತಗೋ" ಎನ್ನುತ್ತಾನೆ. ಒಲೆ ಅವನ ಆಚೆಗಿರುವುದರಿಂದ, ಜಾಗ ಇಕ್ಕಟ್ಟಾಗಿರುವುದರಿಂದ, ಪ್ರತಿ ಸಲವೂ ಅವನ ಹೆಗಲ ಮೇಲೆ ಕೈಯೂರಿಯೇ ದಾಟಬೇಕಾಗಿದೆ. ದಿನಕ್ಕೆ ಹತ್ತು ಹನ್ನೆರಡು ಸಲದ ಈ ತೊಂದರೆಗೆ ಸಂಪೂರ್ಣ ಹೊಣೆ ತಮ್ಮದೇ.