ಕ್ವಾಂಟಮ್ಮು ಮತ್ತು ನಮ್ಮ ಭಾವನ ಬಿಪಿ

ನಾನು ಹೆದರುಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಹಾವು, ಸಿಡಿಲು, ಹಲ್ಲು ಕೀಳುವ ಡಾಕ್ಟರು, ಇವಕ್ಕೆಲ್ಲ ಯಾರಾದರೂ ಹೆದರುತ್ತಾರೆ. ನನ್ನದು ಅದಕ್ಕಿಂತ ವಿಚಿತ್ರವಾದ ಹೆದರಿಕೆ. ನಾಲ್ಕು ಜನರ ಎದುರಿಗೆ ‘ನನಗೆ ಗೊತ್ತಿಲ್ಲ’ ಎನ್ನಲು ಹೆದರುತ್ತೇನೆ. ಬೇರೆಯವರಾಗಿದ್ದರೆ ಇದು ದೊಡ್ಡ ತೊಂದರೆಯೇನಲ್ಲ. ಆದರೆ ನಾನು ಶಿವಮೊಗ್ಗದ ಪಿಯು ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಭೌತಶಾಸ್ತ್ರ ಹೇಳಿಕೊಡುವವನು. ವಿಜ್ಞಾನ ಓದಿದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ನಾವಿರುವ ಗೋಪಾಳದಲ್ಲಿ ಎದುರುಮನೆಯ ಶಾರದಮ್ಮ ಒಮ್ಮೆ ಕೆಟ್ಟುಹೋದ ಮಿಕ್ಸಿಯನ್ನು ಎತ್ತಿಕೊಂಡು ಬಂದು, “ಫಿಸಿಕ್ಸ್ ಅಂದ್ರೆ ಕರೆಂಟೇ ತಾನೆ? ಸ್ವಲ್ಪ ನೋಡಿ ಸಾರ್” ಎಂದರು. ಗೊತ್ತಿಲ್ಲ ಎನ್ನಬಹುದಿತ್ತು. ಬಿಚ್ಚಿದೆ, ಮತ್ತೆ ಜೋಡಿಸಿದೆ. ಮೂರು ಸ್ಕ್ರೂ ಮಿಕ್ಕಿದವು. ಶಾರದಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. “ಪಾಪ, ದೊಡ್ಡ ಫಿಸಿಕ್ಸ್ ಓದಿದೋರು, ಸಣ್ಣ ಕೆಲಸಕ್ಕೆ ಕೈ ಒಗ್ಗಲ್ಲ” ಎಂದು ಓಣಿಯಲ್ಲೆಲ್ಲ ಹೇಳಿ ನನ್ನ ಮರ್ಯಾದೆಯನ್ನು ಇನ್ನೂ ಹೆಚ್ಚಿಸಿದರು.

ಮಿಕ್ಸಿಯಿಂದ ಯಾರ ಪ್ರಾಣಕ್ಕೂ ಕುತ್ತು ಬರಲಿಲ್ಲ. ಕ್ವಾಂಟಮ್ಮಿನಿಂದ ಬರುವುದರಲ್ಲಿತ್ತು.

ನನ್ನ ಅಕ್ಕ ಗಿರಿಜಕ್ಕನ ಮನೆ ಭದ್ರಾವತಿಯಲ್ಲಿ. ಭಾವ ಚನ್ನಬಸಪ್ಪನವರು ಅಲ್ಲಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡು ನಿವೃತ್ತರಾದವರು. ಈಗ ಅವರಿಗೆ ಮೊಬೈಲು, ಬಿಪಿ ಎರಡೂ ಜೊತೆಗಿವೆ. ಹೋದ ತಿಂಗಳು ಅವರ ಮೊಮ್ಮಗಳ ನಾಮಕರಣದ ಊಟಕ್ಕೆ ಕೂತಿದ್ದಾಗ, ಪಕ್ಕದ ಎಲೆಯಿಂದ ಭಾವ ಕೇಳಿದರು. “ಅಲ್ಲ ಮೇಷ್ಟ್ರೇ, ಮೊಬೈಲಲ್ಲಿ ಎಲ್ಲಿ ನೋಡಿದ್ರೂ ಕ್ವಾಂಟಮ್ಮು, ಕ್ವಾಂಟಮ್ಮು ಅಂತಾರೆ. ಏನದು?”

ನಿಜ ಹೇಳಬೇಕೆಂದರೆ, ಎಂ.ಎಸ್ಸಿ.ಯಲ್ಲಿ ಕ್ವಾಂಟಮ್ ಪತ್ರಿಕೆಯನ್ನು ಹಿರಿಯ ವಿದ್ಯಾರ್ಥಿಯೊಬ್ಬರ ನೋಟ್ಸು ಉರು ಹೊಡೆದು ಪಾಸು ಮಾಡಿದವನು ನಾನು. ಕೊಟ್ಟ ಲೆಕ್ಕ ಬಿಡಿಸಬಲ್ಲೆ. ಅದರ ಅರ್ಥವೇನೆಂದು ಕೇಳಿದರೆ ಬೆವರುತ್ತೇನೆ. ಆದರೆ ಅಷ್ಟರಲ್ಲಿ ಪಂಕ್ತಿಯವರೆಲ್ಲ ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದ್ದರು. ಎಲೆಕ್ಟ್ರಾನಿನ ಮಾತೆತ್ತಿದೆ. “ನಾವೆಲ್ಲ ಅದರಿಂದಲೇ ಆದವರು ಭಾವ. ನಾವು ನೋಡೋವರೆಗೂ ಅದು ಹೀಗೂ ಇರಬಹುದು, ಹಾಗೂ ಇರಬಹುದು. ನೋಡಿದ ಕ್ಷಣ ಒಂದು ಕಡೆ ನಿಂತುಬಿಡುತ್ತೆ” ಎಂದೆ. ನನ್ನ ಮಾತಿಗೆ ನಾನೇ ತಲೆದೂಗಿದೆ. “ಹಂಗಾದ್ರೆ ನೋಡದೇ ಇದ್ರೆ?” ಎಂದು ಕೇಳಿದ ಭಾವನ ಕಣ್ಣಲ್ಲಿ ಒಂದು ಹೊಳಪಿತ್ತು. ಅದನ್ನು ಜ್ಞಾನದಾಹವೆಂದು ತಿಳಿದದ್ದು ನನ್ನ ತಪ್ಪು. “ನೋಡದೇ ಇದ್ರೆ ಎರಡೂ ಸಾಧ್ಯ” ಎಂದು ಹೇಳಿ ಹೋಳಿಗೆಗೆ ತುಪ್ಪ ಬಡಿಸಿಕೊಂಡೆ.

ಕಳೆದ ಭಾನುವಾರ ಬೆಳಿಗ್ಗೆ ಅಕ್ಕನ ಫೋನು ಬಂತು. “ನಾಗೂ, ನಿಮ್ಮ ಭಾವಂಗೆ ಏನು ಹೇಳಿಕೊಟ್ಟಿದ್ದೀಯ ಮಾರಾಯ? ಬಿಪಿ ನೋಡೋ ಮಿಷನ್ನು ಬೀರುನಲ್ಲಿಟ್ಟು ಬೀಗ ಹಾಕಿದ್ದಾರೆ. ಮಾತ್ರೆ ಬಿಟ್ಟು ಮೂರು ವಾರ ಆಯ್ತಂತೆ, ನಂಗೆ ಇವತ್ತು ಗೊತ್ತಾಯ್ತು. ನೋಡಿದ್ರೆ ತಾನೆ ಬಿಪಿ ಜಾಸ್ತಿ ಇರೋದು, ನೋಡದೇ ಇದ್ರೆ ಇಲ್ಲದೇನೂ ಇರಬಹುದು, ಮೇಷ್ಟ್ರೇ ಹೇಳಿದ್ದಾರೆ ಅಂತಾರೆ. ಬೆಳಿಗ್ಗೆಯಿಂದ ತಲೆ ಹಿಂದುಗಡೆ ಹಿಡ್ಕೊಂಡಂಗೆ ಆಗ್ತಿದೆ ಅಂತ ಕೂತಿದ್ದಾರೆ. ಆಸ್ಪತ್ರೆಗೆ ಬನ್ನಿ ಅಂದ್ರೆ ಬರಲ್ಲ.”

ನನ್ನ ಕೈಯಲ್ಲಿದ್ದ ಕಾಫಿ ಲೋಟ ತಾನಾಗಿಯೇ ಕೆಳಗಿಳಿಯಿತು. ಹಾಕಿಕೊಂಡ ಅಂಗಿಯ ಗುಂಡಿ ಮೇಲೆ ಕೆಳಗಾಗಿದ್ದು ಬಸ್ಸಿನಲ್ಲಿ ಕಂಡಕ್ಟರು ನಕ್ಕಾಗಲೇ ನನಗೆ ಗೊತ್ತಾದದ್ದು. ಭದ್ರಾವತಿ ದೂರವೇನಲ್ಲ. ಆದರೆ ಅವತ್ತು ತುಂಗೆಯ ಸೇತುವೆ ದಾಟುವುದರೊಳಗೆ ನಾನು ಅರ್ಧ ಸತ್ತಿದ್ದೆ. ಮಾಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಅಕ್ಕನ ಬರಿದಾದ ಹಣೆ ಕಣ್ಣ ಮುಂದೆ ಬಂತು. ಹನ್ನೊಂದನೆಯ ದಿನ ನೆಂಟರೆಲ್ಲ ಸೇರಿ, ‘ಪಾಪ, ಬಾಮೈದನೇ ಹೇಳಿದ್ದಂತೆ, ಓದಿದವನು ಬೇರೆ’ ಎಂದು ಮಾತಾಡಿಕೊಳ್ಳುವುದು ಕಿವಿಗೆ ಕೇಳಿಸಿತು. ದೇವರೇ, ಈ ಒಂದು ಸಲ ಉಳಿಸು, ಇನ್ನು ಮೇಲೆ ಕೇಳಿದವರಿಗೆಲ್ಲ ಗೊತ್ತಿಲ್ಲವೆಂದೇ ಹೇಳುತ್ತೇನೆ ಎಂದು ಹರಕೆ ಹೊತ್ತೆ.

ಭಾವ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಮುಖ ಕೆಂಪಗಾಗಿತ್ತು. ಒಂದು ಕೈ ಕುತ್ತಿಗೆಯ ಹಿಂದಿತ್ತು. “ಬನ್ನಿ ಮೇಷ್ಟ್ರೇ, ನೀವಾದ್ರೂ ಇವಳಿಗೆ ಬುದ್ಧಿ ಹೇಳಿ” ಎಂದರು.

ನಿಂತಲ್ಲೇ ಶುರು ಮಾಡಿದೆ. “ಭಾವ, ಅದು ಎಲೆಕ್ಟ್ರಾನಿನಂಥ ತೀರಾ ಸಣ್ಣದರ ಮಾತು. ನೋಡೋದು ಅಂದ್ರೆ ಕಣ್ಣಲ್ಲಿ ನೋಡೋದಲ್ಲ, ಅಳೆಯೋಕೆ ಅಂತ ಬಿಟ್ಟ ಬೆಳಕು ಅದಕ್ಕೆ ತಾಗೋದು. ನಿಮ್ಮ ರಕ್ತಕ್ಕೂ ಅದಕ್ಕೂ ಸಂಬಂಧ ಇಲ್ಲ.”

“ನಾವೂ ಎಲೆಕ್ಟ್ರಾನಿಂದಾನೇ ಆಗಿರೋದು ಅಂತ ನೀವೇ ಹೇಳಿದ್ರಲ್ಲ?”

“ಹೇಳಿದೆ. ಆದ್ರೆ ಅಷ್ಟೊಂದು ಸೇರಿದಾಗ ಅದು... ಆ ಲೆಕ್ಕ...” ಅಕ್ಕ ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತಾರು ವರ್ಷ ಬಾಯಿಗೆ ಬಾರದ ಮಾತು ಕೊನೆಗೂ ಹೊರಬಿತ್ತು. “ಭಾವ, ನಿಜ ಹೇಳ್ತೀನಿ. ಅದು ಯಾಕೆ ಹಾಗೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಅವತ್ತು ಜನ ಕೇಳ್ತಿದ್ರು ಅಂತ ದೊಡ್ಡದಾಗಿ ಮಾತಾಡಿದೆ. ನನ್ನ ಮಾತು ನಂಬಬೇಡಿ. ಕಾಲಿಗೆ ಬೀಳ್ತೀನಿ, ಎದ್ದೇಳಿ.”

ಭಾವ ಪ್ರೀತಿಯಿಂದ ನಕ್ಕರು. “ನೋಡಿದ್ಯೇನೇ ಗಿರಿಜಾ? ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ.”

ಒಂದು ಸುಳ್ಳನ್ನು ಅಷ್ಟು ಬೇಗ ನಂಬಿದವರು ಒಂದು ನಿಜವನ್ನು ವಿನಯವೆಂದುಕೊಂಡರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಗ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. ಅವಳು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು.

“ಅಲ್ರೀ, ಮೂವತ್ತು ವರ್ಷ ಆ ಬಾಯ್ಲರ್ ಗೇಜಿನ ಮುಂದೆ ಕಣ್ಣು ಕೀಲಿಸ್ಕೊಂಡು ಯಾಕೆ ಕೂತಿದ್ರಿ? ಹಬ್ಬದ ದಿನಾನೂ ಓಡ್ತಿದ್ರಿ. ಗೇಜಿಗೊಂದು ಬಟ್ಟೆ ಮುಚ್ಚಿಬಿಟ್ಟು ಮನೇಲಿ ಉಂಡು ಮಲಗಬಹುದಿತ್ತಲ್ಲ?”

“ಹಂಗೆಲ್ಲ ಮಾಡಕ್ಕಾಗುತ್ತೇನೇ?” ಭಾವನಿಗೆ ಸಿಟ್ಟೇ ಬಂತು. “ಸ್ಟೀಮಿನ ಪ್ರೆಶರ್ರು ಅದು. ನೀನು ನೋಡಿದ್ರೂ ಏರುತ್ತೆ, ನೋಡದಿದ್ರೂ ಏರುತ್ತೆ. ಸಿಡಿದು...”

ಕುತ್ತಿಗೆಯ ಹಿಂದಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಅವರ ಮುಖದಲ್ಲಿ ನಾನು ಮೊದಲ ಸಲ ಭಯ ಕಂಡೆ. ಸಣ್ಣ ದನಿಯಲ್ಲಿ, “ಗಿರಿಜಾ, ನನ್ನ ಅಂಗಿ ಕೊಡು” ಎಂದರು.

ಆಟೋ ಹಿಡಿದು ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಭಾವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ನೋಡಿದರು. ಇನ್ನೊಮ್ಮೆ ತುಂಬಿದರು. ಆ ಎರಡನೆಯ ಸಲದ ಪುಸ್ ಪುಸ್ ಸದ್ದಿನಲ್ಲಿ ನಾನು ಕಳೆದ ಅರೆನಿಮಿಷವನ್ನು ಶತ್ರುವಿಗೂ ಬಯಸುವುದಿಲ್ಲ. ಆಮೇಲೆ ಮಾತ್ರೆ ಕೊಟ್ಟು, ಮಲಗಿಸಿ, ಗಳಿಗೆಗೊಮ್ಮೆ ಬಂದು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅವರ ಹುಬ್ಬಿನ ಗಂಟು ಸಡಿಲವಾಯಿತು. “ಈಗ ಇಳಿದಿದೆ. ಇವತ್ತು ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು. ಇನ್ನೊಂದೆರಡು ದಿನ ಬಿಟ್ಟಿದ್ರೆ ಲಕ್ವ ಹೊಡೀತಿತ್ತೇನೋ” ಎಂದರು. ಅಕ್ಕ ಗೋಡೆಗೆ ತಲೆಯಾನಿಸಿ ಸದ್ದಿಲ್ಲದೆ ಅತ್ತಳು. ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಹೊರಡುವ ಮುಂಚೆ ಚೀಟಿ ಬರೆಯುತ್ತ ಡಾಕ್ಟರಮ್ಮ ತಲೆಯೆತ್ತಿ ನನ್ನನ್ನು ಕೇಳಿದರು. “ನೀವು ಫಿಸಿಕ್ಸ್ ಲೆಕ್ಚರರಂತೆ, ಈ ಅಮ್ಮ ಹೇಳಿದ್ರು. ತುಂಬಾ ದಿನದಿಂದ ಯಾರನ್ನಾದ್ರೂ ಕೇಳಬೇಕು ಅಂತಿದ್ದೆ ಸರ್. ಈ ಕ್ವಾಂಟಮ್ ಕಂಪ್ಯೂಟರ್ ಬಂದ್ರೆ ಕಾಯಿಲೆ ಎಲ್ಲಾ ಅದೇ ಕಂಡುಹಿಡಿಯುತ್ತಂತೆ, ನಮ್ಮಂಥೋರು ಬೇಕಾಗಲ್ವಂತೆ, ಹೌದಾ?”

ಪಾಪ, ಅವರಿಗೂ ಭಯವಿತ್ತು. ಆ ಯಂತ್ರದ ಬಗ್ಗೆ ನಾನು ಓದಿದ್ದು ಭಾನುವಾರದ ಪುರವಣಿಯ ಅರ್ಧ ಪುಟ ಮಾತ್ರ. ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆದೆ. ಕಾಂಪೌಂಡರು ಕೆಲಸ ನಿಲ್ಲಿಸಿ ನನ್ನ ಕಡೆ ನೋಡಿದ. ಬೆಂಚಿನ ಮೇಲಿದ್ದ ಇಬ್ಬರು ರೋಗಿಗಳೂ ತಿರುಗಿದರು.

“ಅದು ಹಾಗಲ್ಲ ಮೇಡಂ” ಎಂದು ಶುರು ಮಾಡಿದೆ. “ಈಗ ನೋಡಿ, ಮೂಲತಃ...”

ಹಾಸಿಗೆಯ ಮೇಲಿದ್ದ ಭಾವ ಮೊಣಕೈ ಊರಿ ಎದ್ದು ಕೂತರು. ಆದರೂ ಅಕ್ಕ ರಟ್ಟೆ ಹಿಡಿದು ದರದರನೆ ಹೊರಗೆಳೆದುಕೊಂಡು ಹೋಗುವವರೆಗೆ ನಾನು ಮಾತು ನಿಲ್ಲಿಸಲಿಲ್ಲ.