ಡಿಸ್ಕ್ ಬ್ರೇಕಿಗೆ ನಾನು ಮಾಡಿಸಿದ ಪೂಜೆ

ಕಾರಿನ ಬ್ರೇಕ್ ಬದಲಿಸುವುದು ಏನು ಮಹಾ ಕೆಲಸ? ಗೋಕಾಕದ ಬಜಾರದಲ್ಲಿ ಇಷ್ಟು ವರ್ಷ ಸೀರೆ ಮಾರಿದವನಿಗೆ ಇಷ್ಟೂ ತಿಳಿಯದೇ? ಹೀಗೆಂದುಕೊಂಡೇ ನಾನು ಆ ಘನಕಾರ್ಯಕ್ಕೆ ಕೈ ಹಾಕಿದ್ದು.

ಕಾರು ನಮ್ಮಪ್ಪನ ಕಾಲದ್ದು. ಅಮೆರಿಕದ್ದು, ಎಂಟು ಸಿಲಿಂಡರಿನದು, ನಮ್ಮ ಅಂಗಡಿಗಿಂತ ಅಗಲ. ಚಾವಿ ತಿರುವಿದರೆ ಓಣಿಯ ಕಿಟಕಿಗಳೆಲ್ಲ ನಡುಗುತ್ತಿದ್ದವು. ಆ ಸದ್ದು ಕೇಳಿದರೆ ನನಗೆ ಊಟ ಬೇಡ, ನಿದ್ದೆ ಬೇಡ. ಓಡುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ನಿಲ್ಲುವುದರಲ್ಲಿ ಮಾತ್ರ ಆಸಕ್ತಿ ಕಡಿಮೆ. ಬಜಾರದಲ್ಲಿ ಬ್ರೇಕ್ ಒತ್ತಿದರೆ ಊರ ಹೊರಗಿನ ನಾಕಾದ ಹತ್ತಿರ ಹೋಗಿ, ವಿಚಾರ ಮಾಡಿ ನಿಲ್ಲುತ್ತಿತ್ತು.

ನನ್ನ ಹೆಂಡತಿ ಸುನಂದಾಳಿಗೆ ಇದು ಸಾಕಾಗಿ ಹೋಗಿತ್ತು. ಅವಳ ತಮ್ಮ ಭರಮು ಮೂಡಲಗಿಯಲ್ಲಿ ಮದುವೆಗಳಿಗೆ ಮಂಡಪ, ಪಾತ್ರೆ ಬಾಡಿಗೆ ಕೊಡುವವನು. ಮದುಮಗನ ಮೆರವಣಿಗೆಗೆ ಈ ಕಾರೇ ಬೇಕೆಂದು ಬಹಳ ದಿನದಿಂದ ಗಂಟುಬಿದ್ದಿದ್ದ.

“ನಿಂದರೂದ ಗೊತ್ತಿಲ್ಲದ ಗಾಡಿ ನಮಗ್ಯಾಕ್ರಿ? ಮೆರವಣಿಗ್ಯಾಗ ಹೆಂಗೂ ನಡಕೋತ ಹೋಗೂದು. ಭರಮುಗ ಕೊಟ್ಟಬಿಡ್ರಿ,” ಎಂದಳು ಸುನಂದಾ.

ಅದೇ ಹೊತ್ತಿಗೆ ಹುಕ್ಕೇರಿಯ ಹೊರಗಿನ ಬಯಲಿನಲ್ಲಿ ಕಾರಿನ ಪಂದ್ಯವಿದೆಯೆಂಬ ಸುದ್ದಿ ಬಂತು. ಸಾಲಾಗಿ ನಿಲ್ಲಿಸಿದ ಬ್ಯಾರಲ್‌ಗಳ ನಡುವೆ ಸುತ್ತಿ ಬಳಸಿ ಜೋರಾಗಿ ಬಂದು, ಸುಣ್ಣದಿಂದ ಎಳೆದ ಚೌಕದೊಳಗೆ ಗಾಡಿ ನಿಲ್ಲಿಸಬೇಕು. ನಾನು ಎದೆಯುಬ್ಬಿಸಿ ಹೇಳಿದೆ.

“ಹೊಸ ಬ್ರೇಕ್ ಹಾಕಸ್ತೀನಿ. ಚೌಕದಾಗ ನಿಂತರ ಗಾಡಿ ನಂದು. ನಿಂದರಲಿಲ್ಲಂದ್ರ ಅಲ್ಲೇ ಭರಮುನ ಕೈಯಾಗ ಚಾವಿ ಕೊಡ್ತೀನಿ.”

“ದೇವರಾಣಿ?”

“ದೇವರಾಣಿ.”

ಕೊಲ್ಲಾಪುರದ ಗುಜರಿಯಲ್ಲಿ ಹುಡುಕಿ ಎರಡು ಡಿಸ್ಕ್ ಬ್ರೇಕ್ ತಂದೆ. ಗ್ಯಾರೇಜಿನ ದಸ್ತಗೀರ ಅವನ್ನು ಮುಂದಿನ ಗಾಲಿಗಳಿಗೆ ಕೂಡಿಸಿದ. ಉಕ್ಕಿನ ತಟ್ಟೆಯೊಂದು ಗಾಲಿಯ ಜೊತೆ ತಿರುಗುತ್ತದೆ. ಬ್ರೇಕ್ ಒತ್ತಿದರೆ ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯುತ್ತವೆ. ಇಷ್ಟೇ ವಿದ್ಯೆ. ಒಂದು ದಿನದಲ್ಲಿ ನಾನು ಇದರ ಪಂಡಿತನಾದೆ.

ಪರೀಕ್ಷೆಗೆಂದು ನಮ್ಮ ಕಾಕಾರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಸಗುಪ್ಪಿಯ ಹೊಲಕ್ಕೆ ಹೊರಟೆ. ಅವರ ತೊಡೆಯ ಮೇಲೆ ಬುತ್ತಿ. ಅಡ್ಡ ಬಂದ ಎಮ್ಮೆಯನ್ನು ಕಂಡು, ಹಳೆಯ ಅಭ್ಯಾಸದಂತೆ ಮೈಭಾರವನ್ನೆಲ್ಲ ಹಾಕಿ ಬ್ರೇಕ್ ಒತ್ತಿದೆ. ಕಾರು ನಿಂತಿತು. ಕಾಕಾ ನಿಲ್ಲಲಿಲ್ಲ. ಅವರು ಮುಂದಿನ ಸೀಟಿಗೆ ಬಂದರು, ಬುತ್ತಿ ಅವರಿಗಿಂತ ಮುಂದೆ ಬಂತು. ಗಾಜಿನ ತುಂಬ ಕಡಲೆಹಿಟ್ಟಿನ ಝುಣಕಾ.

“ಭಾಳ ಚಲೋ ನಿಂತೈತಿ ತಮ್ಮಾ,” ಎಂದರು ಕಾಕಾ, ಕಿವಿಯೊಳಗಿನ ಝುಣಕಾ ತೆಗೆಯುತ್ತ. “ಇನ್ನ ನಾ ನಡಕೋತ ಹೋಗ್ತೀನಿ.”

ನನ್ನ ಧೈರ್ಯ ಆಕಾಶಕ್ಕೇರಿತು.

ಪಂದ್ಯದ ದಿನ ಬಯಲಿನಲ್ಲೇ ಪೂಜೆ. ಸುನಂದಾ ಆರತಿ ತಟ್ಟೆ ಹಿಡಿದು ಟೈರಿಗೆ ಕುಂಕುಮ ಹಚ್ಚಲು ಬಗ್ಗಿದಳು. ನಾನು ತಡೆದೆ.

“ಟೈರಿಗ್ಯಾಕ? ಖರೆ ಕೆಲಸ ಮಾಡೂದು ಒಳಗಿಂದು.”

ಜಾಕ್ ಹಚ್ಚಿ ಮುಂದಿನ ಎರಡೂ ಗಾಲಿ ಬಿಚ್ಚಿದೆ. ಡಿಸ್ಕುಗಳ ದರ್ಶನಕ್ಕೆ ಜನ ಸೇರಿದರು. ಆದರೆ ಥಳಥಳಿಸುವ ಉಕ್ಕಿನ ಮೇಲೆ ಕುಂಕುಮ ನಿಲ್ಲಲೊಲ್ಲದು, ಉದುರಿ ಬೀಳುತ್ತಿದೆ. ದೀಪಾವಳಿಗೆ ಅಂಗಡಿಯ ತಿಜೋರಿಗೆ ನಾವು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತೇವೆ, ವರ್ಷವಾದರೂ ಅಳಿಸುವುದಿಲ್ಲ. ನನ್ನ ಬುದ್ಧಿ ಚುರುಕಾಯಿತು.

“ದೀಪದ ಎಣ್ಣ್ಯಾಗ ಕಲಸು.”

“ಬ್ರೇಕಿಗೆ ಎಣ್ಣಿ ನಡೀತೈತೇನ್ರಿ? ದಸ್ತಗೀರನ್ನ ಕೇಳೂಣು.”

“ಅವ ಚಹಾ ಕುಡ್ಯಾಕ ಹೋಗ್ಯಾನ. ನನಗ ಗೊತ್ತಿಲ್ಲೇನ? ಹಚ್ಚು.”

ಅವಳು ಭಕ್ತಿಯಿಂದ ಸ್ವಸ್ತಿಕ ಬರೆದಳು. ಉಳಿದ ಎಣ್ಣೆ ದಂಡವಾಗಬಾರದೆಂದು ಡಿಸ್ಕುಗಳ ಹಿಂಬದಿಗೆ ನಾನೇ ಬಳಿದೆ. ಗಾಲಿ ಕೂಡಿಸಿ, ಸೀಟಿನಲ್ಲಿ ಕುಳಿತು, ಜನರತ್ತ ಕೈಬೀಸಿದೆ.

ಬಾವುಟ ಬಿತ್ತು. ಕಾರು ಗುಡುಗಿತು. ಮೊದಲ ಬ್ಯಾರಲ್ ಹತ್ತಿರ ಬ್ರೇಕ್ ಮುಟ್ಟಿದೆ, ಏನೂ ಆಗಲಿಲ್ಲ. ಹೊಸದು, ನಾಚಿಕೊಂಡಿರಬೇಕು ಎಂದುಕೊಂಡೆ. ಸ್ಟೇರಿಂಗ್ ತಿರುವಿ ತಿರುವಿ ಹೇಗೋ ಎಲ್ಲ ಬ್ಯಾರಲ್ ದಾಟಿದೆ. ನಾನು ಬಂದ ವೇಗಕ್ಕೆ ಜನ ಸಿಳ್ಳೆ ಹೊಡೆದರು. ಕೊನೆಗೆ ಚೌಕ. ಎರಡೂ ಕಾಲಲ್ಲಿ ಬ್ರೇಕ್ ಒತ್ತಿದೆ.

ಚೌಕ ಬಂತು. ಚೌಕ ಹೋಯಿತು.

ಗಡಿಯಾರ ಹಿಡಿದು ಕುಳಿತಿದ್ದ ಪಂಚರು ಕುರ್ಚಿ ಸಮೇತ ಓಡಿದರು. ಆಚೆ ಇದ್ದ ಕಬ್ಬಿನ ಗದ್ದೆ ನನ್ನನ್ನು ಒಳಗೆ ಕರೆದುಕೊಂಡು, ಎಂಜಿನ್ ಆರಿಸಿ, ನಿಲ್ಲಿಸಿತು.

ಮೊದಲು ಬಂದವನು ಭರಮು.

“ದಾಜಿ, ಪೆಟ್ಟಾತೇನ್ರಿ?”

“ಇಲ್ಲಪಾ.”

“ಹಂಗಾರ ಚಾವಿ ಕೊಡ್ರಿ.”

ಅವನ ಅಕ್ಕನ ಮುಖ ನೋಡಿದೆ. ಅವಳು ಕಬ್ಬಿನ ಎಲೆಗಳನ್ನು ಸರಿಸುತ್ತ, “ದೇವರಾಣಿ ಮಾಡೀರಿ,” ಎಂದಳು. ನಮ್ಮಪ್ಪನ ಕಾರು. ಚಾವಿ ಕೊಡುವಾಗ ಖರೆ ಹೇಳುತ್ತೇನೆ, ಅಳು ಬಂತು.

ಚಹಾ ಮುಗಿಸಿ ಬಂದ ದಸ್ತಗೀರ ಹಣೆ ಹಣೆ ಬಡಿದುಕೊಂಡು, ಕಾರನ್ನು ಗದ್ದೆಯಿಂದ ಹೊರಗೆ ತಳ್ಳಿಸಿ, ಡಿಸ್ಕುಗಳನ್ನು ಪೆಟ್ರೋಲಿನಿಂದ ಒರೆಸಿ, ಎಣ್ಣೆ ಕುಡಿದ ಪ್ಯಾಡುಗಳನ್ನು ತೆಗೆದು ತನ್ನ ಚೀಲದಲ್ಲಿದ್ದ ಬೇರೆ ಪ್ಯಾಡುಗಳನ್ನು ಹಾಕಿದ. ಭರಮು ಒಂದು ಸುತ್ತು ಹೊಡೆದು ಬಂದು ಚೌಕದ ನಟ್ಟನಡುವೆ ನಿಲ್ಲಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸುನಂದಾ ಸ್ವಲ್ಪ ಹೆಚ್ಚೇ ತಟ್ಟಿದಳು. ಆಮೇಲೆ ತಮ್ಮನ ಬಾಜೂ ಕುಳಿತು, “ಬರ್ರಿ, ಹಿಂದ ಕುಂದರ್ರಿ. ನಿಮ್ಮನ್ನ ಗೋಕಾಕದಾಗ ಇಳಿಸಿ, ನಾ ತವರಮನಿಗೆ ಹೋಗಿ ಬರ್ತೀನಿ,” ಎಂದಳು.

ಮಾನವಂತನಾದ ನಾನು ಒಪ್ಪಲಿಲ್ಲ. ಹುಕ್ಕೇರಿಯಲ್ಲಿ ಬಸ್ಸು ಹತ್ತಿದೆ. ಕಿಟಕಿಗಳೆಲ್ಲ ಗಡಗಡ ಎನ್ನುವ ಮುದಿ ಬಸ್ಸು. ದಾರಿಯುದ್ದಕ್ಕೂ ಕೈ ಮಾಡಿದವರ ಎದುರಿಗೆಲ್ಲ ನಿಂತಿತು. ಗಂಟು ಹೊತ್ತ ಒಬ್ಬ ಅಜ್ಜಿಯ ಮುಂದಂತೂ, ಮೆಟ್ಟಿಲು ಅವಳ ಕಾಲಿಗೇ ಬರುವ ಹಾಗೆ ನಿಂತಿತು. ಅವಳು ಬಂದು ನನ್ನ ಬಾಜೂ ಕುಳಿತು, “ಎಷ್ಟು ಚಲೋ ನಿಂದರಸ್ತಾನ ನೋಡಪಾ,” ಎಂದಳು.

ನಾನು ಗೋಕಾಕ ಬರುವವರೆಗೆ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ.